ನದಿಯಲ್ಲೂ ಎಡಕ್ಕೇ ಹೋಗಬೇಕಾ? ಒಂದು ಸ್ಪಷ್ಟನೆ

"ರಸ್ತೆಯಲ್ಲಿ ಎಡಕ್ಕೆ ಹೋಗುವ ಹಾಗೆ ನದಿಯಲ್ಲೂ ದೋಣಿ ಎಡಕ್ಕೇ ಹೋಗಬೇಕು. ಹಾರ್ನ್ ಹೊಡೆದರೆ ಚಿಕ್ಕ ದೋಣಿಯವರು ಜಾಗ ಬಿಡಬೇಕು." ಹೀಗೊಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ನೀರಿನ ಮೇಲೆ ಬಲಕ್ಕೆ ಹೋಗಬೇಕು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಹೇಳುವುದು ಇದನ್ನೇ. ಅವು ಸಮುದ್ರಕ್ಕಷ್ಟೇ ಅಲ್ಲ, ಅಲ್ಲಿಂದ ಹಡಗು ಒಳಬರಬಹುದಾದ ನದಿಗಳಿಗೂ ಅನ್ವಯಿಸುತ್ತವೆ. ಹೊನ್ನಾವರದ ಶರಾವತಿ ಅಳಿವೆಯನ್ನೇ ನೋಡಿ. ಮೀನುಗಾರರ ಬೋಟು, ಪ್ರವಾಸಿಗರ ಮೋಟಾರ್ ದೋಣಿ, ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿಯಾದ ಕಯಾಕ್ ಎಲ್ಲ ಒಂದೇ ನೀರಿನಲ್ಲಿ. ಎರಡು ಮೋಟಾರ್ ದೋಣಿಗಳು ಎದುರುಬದುರಾದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಿಸಬೇಕು. ಆಗ ಒಬ್ಬರ ಎಡಗಡೆಗೆ ಇನ್ನೊಬ್ಬರು ಹಾದು ಹೋಗುತ್ತಾರೆ. ಒಬ್ಬರು ಬಲಕ್ಕೆ, ಇನ್ನೊಬ್ಬರು ವಾಟ್ಸಾಪ್ ನಂಬಿ ಎಡಕ್ಕೆ ತಿರುಗಿಸಿದರೆ ಮೂತಿಗೆ ಮೂತಿ ಡಿಕ್ಕಿಯೇ. ದೋಣಿಗೆ ಬ್ರೇಕ್ ಇರಲ್ಲ, ಅಲ್ವಾ?

ಇನ್ನು ಹಾರ್ನ್. ಅದು "ಸರಿ ಪಕ್ಕಕ್ಕೆ" ಅನ್ನೋದಕ್ಕಲ್ಲ. ಮೋಟಾರ್ ದೋಣಿಗಳು ಎದುರಾದಾಗ ಒಂದು ಚಿಕ್ಕ ಸದ್ದು ಎಂದರೆ ನಾನು ಬಲಕ್ಕೆ ತಿರುಗುತ್ತಿದ್ದೇನೆ ಎಂದರ್ಥ, ಎರಡು ಎಂದರೆ ಎಡಕ್ಕೆ. ಬೇಗಬೇಗ ಐದು ಬಂದರೆ, ನೀವೇನು ಮಾಡ್ತಿದ್ದೀರೋ ನನಗೆ ಗೊತ್ತಾಗುತ್ತಿಲ್ಲ ಎಂದು. ಹಿಂದಿನಿಂದ ಬಂದು ದಾಟುವವರೇ ಮುಂದಿನವರಿಂದ ದೂರ ಸರಿದು ಹೋಗಬೇಕು, ದೋಣಿ ಎಷ್ಟೇ ದೊಡ್ಡದಿರಲಿ.

ಕಯಾಕ್ ಪಕ್ಕ ಹಾಯುವಾಗ ಮೊದಲೇ ವೇಗ ತಗ್ಗಿಸಿ. ಮೋಟಾರ್ ದೋಣಿ ಎಬ್ಬಿಸಿದ ಅಲೆ ಅದು ಮುಂದೆ ಹೋದ ಮೇಲೆ ಬಂದು ಬಡಿಯುತ್ತದೆ. ಮಗುಚಿದ್ದು ನಿಮಗೆ ಕಾಣಿಸುವುದೂ ಇಲ್ಲ.