ಗ್ರೈಂಡರ್‌ಗೆ ಉಣ್ಣೆ ಟೋಪಿ ಹಾಕಿದರೆ ಪಾಲಿಶರ್ ಆಗದು

ದಾವಣಗೆರೆಯ ಪಿ.ಬಿ. (ಪೂನಾ-ಬೆಂಗಳೂರು) ರಸ್ತೆಯ ಹೆಸರಿನಲ್ಲಿರುವ ಆ 'ಪಿ' ನಾನೀಗ ಇರುವ ಪುಣೆಯದು. ಕಾರಿನ ಬಣ್ಣ ಮಂಕಾದರೆ ಎರಡೂ ಊರಿನಲ್ಲಿ ಮಾಡಿಸುವ ಕೆಲಸ ಒಂದೇ, ಮಷೀನಿನಿಂದ ಗೀರು ಉಜ್ಜಿ ತೆಗೆದು ಹೊಳಪು ತರಿಸುವುದು. ಕರೆಯುವ ಹೆಸರು ಬೇರೆ. ಪುಣೆಯಲ್ಲಿ ಅದು ಪೇಂಟ್ ಕರೆಕ್ಷನ್. ಗಾಜಿನ ಬಾಗಿಲು, ಎಲ್‌ಇಡಿ ದೀಪ, ಡ್ಯುಯಲ್ ಆಕ್ಷನ್ ಮಷೀನು. ದಾವಣಗೆರೆ, ಚಿತ್ರದುರ್ಗದ ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನಲ್ಲಿ ಅದು ರಬ್ಬಿಂಗ್. ರೋಟರಿ ಮಷೀನು, ಉಣ್ಣೆಯ ಪ್ಯಾಡು.

ರೋಟರಿ ಅಂದರೆ ಪುಣೆಯವರು ಮೂಗು ಮುರಿಯುತ್ತಾರೆ. ಅದು ತಪ್ಪು. ಶೆಡ್ಡಿನವನ ಕೆಲಸವೇ ಬೇರೆ. ಹೊಸದಾಗಿ ಹೊಡೆದ ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಪದರದ) ಮೇಲೆ ಕೂತ ಧೂಳಿನ ಕಣವನ್ನು 1500, 2000 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ ಇಳಿಸಿದ ಮೇಲೆ ಉಳಿಯುವ ಗೀರು ಆಳದ್ದು, ಎಲ್ಲ ಕಡೆ ಸಮನಾದದ್ದು. ಅದನ್ನು ರೋಟರಿಯಷ್ಟು ಬೇಗ ತೆಗೆಯುವ ಮಷೀನು ಇನ್ನೊಂದಿಲ್ಲ. ಎಡವಟ್ಟಾಗುವುದು, ಅದೇ ಮಷೀನನ್ನು ಕಂಪನಿ ಬಣ್ಣದ ಕಾರಿನ ನವಿರು ಗೀರಿಗೂ ಹಿಡಿದಾಗ. ಕಂಪನಿಯ ಕ್ಲಿಯರ್ ಕೋಟು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಒಮ್ಮೆ ಕಳೆದದ್ದು ಮತ್ತೆ ಬರುವುದಿಲ್ಲ.

ರೋಟರಿಯಲ್ಲಿ ಪ್ಯಾಡು ಒಂದೇ ಅಕ್ಷದ ಮೇಲೆ ಗಿರ್ರನೆ ತಿರುಗುತ್ತದೆ, ನಿಮಿಷಕ್ಕೆ 600ರಿಂದ 3000 ಸುತ್ತು. ಕಾಂಪೌಂಡಿನ, ಅಂದರೆ ಉಜ್ಜುವ ಪೇಸ್ಟಿನ, ಕಣಗಳೆಲ್ಲ ಒಂದೇ ದಿಕ್ಕಿಗೆ ಗೆರೆ ಎಳೆಯುವುದರಿಂದ ಬಿಸಿಲಿನಲ್ಲಿ ಮಯೂರದ ಗರಿಯಂಥ ಹೊಳಪಿನ ಪಟ್ಟೆ ಏಳುತ್ತದೆ, ಅದೇ ಹಾಲೋಗ್ರಾಮ್. ಒಂದೇ ಕಡೆ ನಿಂತರೆ ಶಾಖ ಏರಿ ಬಾನೆಟ್ಟಿನ ಏಣು, ಬಾಗಿಲಿನ ಅಂಚಿನಲ್ಲಿ ಬಣ್ಣ ಕಿತ್ತು ಅಡಿಯ ಪ್ರೈಮರ್ ಕಾಣುತ್ತದೆ. ಏಣಿನ ಮೇಲೆ ಬಣ್ಣ ಮೊದಲೇ ತೆಳು, ಹಾಗಾಗಿ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಮಷೀನು ಹಿಡಿಯಬೇಕು.

ಇನ್ನು ಕೆಲವರು ರೋಟರಿಯೂ ದುಬಾರಿ ಎಂದು ನಾಲ್ಕಿಂಚಿನ ಆಂಗಲ್ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸುತ್ತಾರೆ. ಅದರ ವೇಗ ನಿಮಿಷಕ್ಕೆ ಸುಮಾರು 11,000 ಸುತ್ತು. ಕಬ್ಬಿಣ ಕತ್ತರಿಸಲು ಮಾಡಿದ್ದು ಅದು. ರೆಗ್ಯುಲೇಟರ್ ಹಾಕಿ ವೇಗ ಇಳಿಸಿದರೆ ಬಲವೂ ಇಳಿಯುತ್ತದೆ. ಸ್ವಲ್ಪ ಒತ್ತಿದರೆ ನಿಲ್ಲುತ್ತದೆ, ಕೈ ಎತ್ತಿದರೆ ಎಗರುತ್ತದೆ. ರೋಟರಿಯೇ ಬೇಕಾದವರು, ಒತ್ತಿದರೂ ವೇಗ ಕಾಯ್ದುಕೊಳ್ಳುವ ಎಲೆಕ್ಟ್ರಾನಿಕ್ ಕಂಟ್ರೋಲ್, ನಿಧಾನಕ್ಕೆ ಶುರುವಾಗುವ ಸ್ವಿಚ್ಚು, ಪ್ಯಾಡಿನ ಪ್ಲೇಟು ಕೂರಿಸಲು ಎಂ14 (14 ಮಿಲಿಮೀಟರ್) ಥ್ರೆಡ್ ಇರುವುದನ್ನು ನೋಡಿ ತಗೊಳ್ಳಲಿ.

ಮನೆಯಲ್ಲಿ ಸ್ವಂತ ಕಾರಿಗೆ ಮಾಡಿಕೊಳ್ಳುವವರಿಗೆ ನನ್ನ ಓಟು ಡ್ಯುಯಲ್ ಆಕ್ಷನ್‌ಗೆ. ಇದರ ಪ್ಯಾಡು ಅಕ್ಷದಿಂದ ಸ್ವಲ್ಪ ಸರಿದ ಬೇರಿಂಗಿನ ಮೇಲೆ ಕೂತಿರುತ್ತದೆ. ಸುತ್ತು ಹಾಕುತ್ತಲೇ ತಾನಾಗಿಯೂ ತಿರುಗುತ್ತದೆ, ಹಾಗಾಗಿ ಗೆರೆಗಳು ಒಂದೇ ದಿಕ್ಕಿಗೆ ಬೀಳುವುದಿಲ್ಲ. ಆ ಸುತ್ತಿನ ಅಗಲಕ್ಕೆ ಥ್ರೋ ಅನ್ನುತ್ತಾರೆ: 8, 12, 15, 21 ಮಿಲಿಮೀಟರ್. ಇಟಲಿಯ ರೂಪ್ಸ್ ಕಂಪನಿಯ ಬಿಗ್‌ಫೂಟ್ ಮಷೀನುಗಳು ಬಂದ ಮೇಲೆ 15 ಮತ್ತು 21 ಎಲ್ಲರ ಬಾಯಲ್ಲಿವೆ. ಪುಣೆಯಲ್ಲಿ ಪೇಂಟ್ ಕರೆಕ್ಷನ್ ಮಾಡುವ ಸ್ಟುಡಿಯೋಗಳಿಗೆ 21ರ ಮೋಹ. ದೊಡ್ಡ ಎಸ್‌ಯುವಿಯ ಚಪ್ಪಟೆ ಬಾನೆಟ್ಟಿಗೆ ಅದು ಸರಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಸಣ್ಣ ಹ್ಯಾಚ್‌ಬ್ಯಾಕ್‌ನ ಮೈಯೆಲ್ಲ ಬಾಗು. ಬಾಗಿನ ಮೇಲೆ ಪ್ಯಾಡಿನ ಒಂದೇ ಅಂಚು ತಾಗಿ ತಿರುಗುವುದು ನಿಲ್ಲುತ್ತದೆ. ಮಷೀನು ಬರೀ ನಡುಗುತ್ತದೆ, ಗೀರು ಇದ್ದ ಹಾಗೇ ಇರುತ್ತದೆ. ಪ್ಯಾಡು ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಂಡರೆ ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಣ್ಣ ಕಾರಿಗೆ 12 ಅಥವಾ 15 ಥ್ರೋ, 5 ಇಂಚಿನ ಪ್ಲೇಟು, ಬಂಪರು-ಪಿಲ್ಲರ್‌ಗೆ 3 ಇಂಚಿನ ಇನ್ನೊಂದು ಸಣ್ಣ ಮಷೀನು ಸಿಕ್ಕರೆ ಇನ್ನೂ ಒಳ್ಳೆಯದು. ನಿಲ್ಲುವ ಕಾಟವೇ ಬೇಡ ಅನ್ನುವವರಿಗೆ ಗೇರಿನಿಂದ ಬಲವಂತವಾಗಿ ತಿರುಗಿಸುವ ಮಷೀನುಗಳಿವೆ, ಜರ್ಮನಿಯ ಫ್ಲೆಕ್ಸ್‌ನ 8 ಮಿಲಿಮೀಟರಿನದು ಹಾಗೆ. ಕೆಲಸ ಗಟ್ಟಿ, ಕೈಗೆ ನಡುಕ ಜಾಸ್ತಿ.

ವ್ಯಾಟ್ ನೋಡಿ ಕೊಳ್ಳಬೇಡಿ. ಡಬ್ಬಿಯ ಮೇಲೆ ಎಷ್ಟೇ ಬರೆದಿರಲಿ, ಅಂಗಡಿಯಲ್ಲೇ ಪ್ಯಾಡ್ ಹಾಕಿ ಮೇಜಿನ ಮೇಲೆ ಒತ್ತಿ ನೋಡಿ, ತಿರುಗುತ್ತಲೇ ಇರುತ್ತದೆಯೇ ಎಂದು. ದುಡ್ಡು ಉಳಿದರೆ ಪ್ಯಾಡಿಗೆ ಹಾಕಿ. ಒಂದು ಕಾರಿಗೆ ಗೀರು ತೆಗೆಯುವ (ಕಟಿಂಗ್) ಪ್ಯಾಡು ನಾಲ್ಕಾದರೂ ಬೇಕು, ಫಿನಿಶಿಂಗಿಗೆ ಎರಡು. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಹೊರಟರೆ ನಡುಭಾಗ ಬಿಸಿಯಾಗಿ ಫೋಮ್ ಕುಸಿಯುತ್ತದೆ, ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ.

ಹಿಡಿಯುವ ಕ್ರಮ ಎರಡೂ ಊರಿಗೆ ಒಂದೇ. ಬಟಾಣಿ ಗಾತ್ರದ ನಾಲ್ಕು ಹನಿ ಕಾಂಪೌಂಡು, ಎರಡಡಿ ಉದ್ದ ಎರಡಡಿ ಅಗಲದ ಜಾಗ. ಮೊದಲು 1ನೇ ವೇಗದಲ್ಲಿ ಸವರಿ ಆಮೇಲೆ 4 ಅಥವಾ 5. ಕೈ ಸರಿಯುವುದು ಸೆಕೆಂಡಿಗೆ ಒಂದಿಂಚು, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧದ ಮೇಲೆ. ಒಮ್ಮೆ ಅಡ್ಡ, ಒಮ್ಮೆ ಉದ್ದ, ಒಟ್ಟು ನಾಲ್ಕರಿಂದ ಆರು ಸುತ್ತು. ಪ್ರತಿ ಜಾಗ ಮುಗಿದಾಗ ಬ್ರಷ್ಷಿನಿಂದ ಪ್ಯಾಡು ಉಜ್ಜಬೇಕು, ಇಲ್ಲದಿದ್ದರೆ ಒಣಗಿದ ಕಾಂಪೌಂಡೇ ಹೊಸ ಗೀರು ಹಾಕುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ನಿಂತ ಬಾನೆಟ್ಟಿನ ಮೇಲೆ ಕಾಂಪೌಂಡು ಸವರುವಷ್ಟರಲ್ಲೇ ಪುಡಿಯಾಗುತ್ತದೆ. ಬೆಳಗಿನ ಹೊತ್ತು, ನೆರಳು, ತಣ್ಣಗಿನ ಲೋಹ.

ಮಷೀನಿಗೆ ಮೊದಲು ತೊಳೆಯುವ ವಿಷಯ ಬರುತ್ತದೆ, ಇದರಲ್ಲಿ ಪುಣೆಯ ಅಪಾರ್ಟ್‌ಮೆಂಟುಗಳು ನಮಗಿಂತ ಹಿಂದೆ. ಅರ್ಧ ಬಕೆಟ್ ನೀರಿನಲ್ಲಿ ಒಂದೇ ಬಟ್ಟೆ ಅದ್ದಿ ಹತ್ತು ಕಾರು ಒರೆಸಿದರೆ ಸುರುಳಿ ಗೀರು ಬೀಳದೆ ಇನ್ನೇನಾಗುತ್ತದೆ? ನಮ್ಮ ಕಡೆಯ ಶತ್ರು ಬೇರೆ: ಚಿತ್ರದುರ್ಗದ ಬಳಿಯ ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಕೆಂಪು ಧೂಳು, ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಕಲೆ. ಧೂಳನ್ನು ಒಣ ಬಟ್ಟೆಯಲ್ಲಿ ಜಾಡಿಸದೆ ನೀರಿನ ಒತ್ತಡದಲ್ಲಿ ಇಳಿಸಿ, ಶಾಂಪೂ ಹಾಕಿ, ಅಂಟಿದ ಕಣ ಎತ್ತುವ ಮೆತ್ತನೆಯ ಕ್ಲೇ ಬಾರ್ ಎಳೆದು ಆಮೇಲೆ ಪಾಲಿಶ್. ಅದಿರಿನ ಕಣ ಉಳಿದಿದ್ದರೆ ಎಂಥ ಮಷೀನೂ ಅದನ್ನೇ ಮೈಗೆಲ್ಲ ಉಜ್ಜುತ್ತದೆ.

ಹೊರಗೆ ಮಾಡಿಸುವವರು ಹೊಳಪು ನೋಡಿ ದುಡ್ಡು ಕೊಡಬಾರದು. ಕಾಂಪೌಂಡಿನ ಎಣ್ಣೆ ಗೀರನ್ನು ತುಂಬಿಕೊಂಡು ನುಣುಪಾಗಿ ತೋರಿಸುತ್ತದೆ. ಎರಡು-ಮೂರು ಸಲ ತೊಳೆದ ಮೇಲೆ ಗೀರು ಮತ್ತೆ ಹಾಜರು. ಸುಮಾರು ಶೇ. 15ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರು ಚಿಮುಕಿಸಿ ಒರೆಸಿ, ಕಾರನ್ನು ಬಿಸಿಲಿಗೆ ತಂದು ಓರೆಯಾಗಿ ನೋಡಬೇಕು. ಸ್ಟುಡಿಯೋದವನಾದರೂ ಸರಿ, ಶೆಡ್ಡಿನವನಾದರೂ ಸರಿ, ಇದಕ್ಕೆ ಒಪ್ಪದಿದ್ದರೆ ಕೀ ವಾಪಸ್ ಇಸ್ಕೊಳ್ಳಿ.