ಬೀಗ ಹಾಕಿದ್ದು ಯಾರಪ್ಪಾ?

ರಾತ್ರಿ 2 ಗಂಟೆಗೆ ಮತ್ತದೇ ಸಾಲು: ‘ಡೇಟಾಬೇಸ್ ಈಸ್ ಲಾಕ್ಡ್’. ಎರರ್ ಕೋಡ್ 5. ಅಲ್ಲ ಸ್ವಾಮಿ, ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಒಂದೇ ಒಂದು ಫೈಲ್ ಸಾಕು ಅಂತ ತಾನೇ ಈ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ತಂತ್ರಾಂಶವನ್ನು ಮನೆ ತುಂಬಿಸಿಕೊಂಡಿದ್ದು? ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಫೈಲಿಗೆ ಬರೆಯುವ ವಿಧಾನ) ಹಾಕಿದ್ದೇ ತಡ, ಪಕ್ಕದಲ್ಲಿ ಇನ್ನೆರಡು ಫೈಲು, ನೆಂಟರ ಹಾಗೆ. ಓದುವವರು ಎಷ್ಟು ಜನ ಬೇಕಾದರೂ ಬರಬಹುದಂತೆ, ಬರೆಯುವವನು ಮಾತ್ರ ಒಬ್ಬನೇ! ಆ ಮಹಾನುಭಾವ ಯಾರು? ನಾನೇ ಕಮಿಟ್ (ಬದಲಾವಣೆ ಖಾಯಂ ಮಾಡುವ ಆಜ್ಞೆ) ಒತ್ತದೆ ಮರೆತುಬಿಟ್ಟ ಇನ್ನೊಂದು ವಿಂಡೋ. (ತಂಡದವರಿಗೆ ಇದನ್ನು ಹೇಳಿಲ್ಲ.)

ಇಂಟಿಜರ್, ಅಂದರೆ ಪೂರ್ಣಾಂಕದ ಕಾಲಮ್ಮಿಗೆ ‘ನಾಳೆ’ ಅಂತ ತುರುಕಿದರೂ ತುಟಿಪಿಟಕ್ಕೆನ್ನದೆ ನುಂಗುತ್ತೆ. ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಕಟ್ಟಿಹಾಕುವ ಫಾರಿನ್ ಕೀ? ಪ್ರತಿ ಕನೆಕ್ಷನ್‌ಗೂ ಪ್ರಾಗ್ಮಾ (ಸೆಟ್ಟಿಂಗ್ ಬದಲಿಸುವ ಆಜ್ಞೆ) ಮಂತ್ರ ಹೇಳುವವರೆಗೆ ಬರೀ ಅಲಂಕಾರ. ಫೈಲಿನ ಪಾತ್ (ವಿಳಾಸ) ತಪ್ಪಿದರೆ ತಾನೇ ಹೊಸ ಖಾಲಿ ಫೈಲ್ ಹುಟ್ಟಿಸಿ, ಆಮೇಲೆ ‘ಅಂಥ ಟೇಬಲ್ಲೇ ಇಲ್ಲ’ ಅಂತ ನನಗೇ ಪಾಠ!