ಆ್ಯಪ್‌ಗಳ ಚಾಕರಿ

ಸಮಯ ಉಳಿಸುವ ಆ್ಯಪ್‌ಗಳಿಗೆ ಮುಂಬೈಯವರಂಥ ಗಿರಾಕಿಗಳು ಬೇರೆಲ್ಲೂ ಸಿಗಲಿಕ್ಕಿಲ್ಲ. ಇಲ್ಲಿ ಯಾರನ್ನು ಕೇಳಿದರೂ ಪುರುಸೊತ್ತಿಲ್ಲ. ಆದರೆ ದಿನಾ ಎರಡು ಮೂರು ಗಂಟೆ ಎಲ್ಲರೂ ಲೋಕಲ್ ಟ್ರೇನಿನಲ್ಲಿ ಫೋನ್ ನೋಡುತ್ತಾ ಇರುತ್ತಾರೆ. ಸಮಯ ಉಳಿಸುವುದು ಹೇಗೆಂದು ಓದಿಕೊಳ್ಳಲು ಅಷ್ಟು ಹೊತ್ತು ಧಾರಾಳ ಸಾಕು.

ಡೊಂಬಿವಲಿಯಲ್ಲಿರುವ ನಮ್ಮ ಭಾವ ಈ ವಿದ್ಯೆಯಲ್ಲಿ ಪಳಗಿದವರು. ಮಾಡಬೇಕಾದ ಕೆಲಸಗಳ ಪಟ್ಟಿಗೆ ಟುಡುಯಿಸ್ಟ್, ಆಫೀಸಿಗೆ ಟ್ರೆಲ್ಲೊ, ಮನೆಯ ಲೆಕ್ಕಕ್ಕೆ ನೋಷನ್, ದಾರಿಯಲ್ಲಿ ಹೊಳೆದದ್ದಕ್ಕೆ ಗೂಗಲ್ ಕೀಪ್. ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ಅವರು ವಾರದ ಪ್ಲಾನಿಂಗ್‌ಗೆ ಕೂರುತ್ತಾರೆ. ಒಂದು ಸಲ ನಾನೂ ಅಲ್ಲಿದ್ದೆ. ಅಕ್ಕ ಒಳಗಿನಿಂದ, "ಚಟ್ನಿಗೆ ಕಾಯಿ ಇಲ್ಲ, ಒಂದು ತಂದುಕೊಡಿ" ಅಂದಳು. ಭಾವ ಫೋನ್ ಎತ್ತಿಕೊಂಡರು. 'ಕಾಯಿ ತರುವುದು' ಎಂದು ಬರೆದರು. ಅದನ್ನು 'ಮನೆ' ಎಂಬ ಪ್ರಾಜೆಕ್ಟಿಗೆ ಹಾಕಿದರು, 'ಮಾರ್ಕೆಟ್' ಎಂಬ ಲೇಬಲ್ ಅಂಟಿಸಿದರು. ಕೆಂಪು ಬಾವುಟ ಹಾಕುವುದೋ ಕಿತ್ತಳೆಯದೋ ಎಂದು ಸ್ವಲ್ಪ ಯೋಚಿಸಿದರು. ಕೆಂಪು ಅಂದರೆ ತುಂಬಾ ಅರ್ಜೆಂಟು. ಕೊನೆಗೆ ಕಿತ್ತಳೆ ಹಾಕಿದರು. ಅಷ್ಟರಲ್ಲಿ ಅಕ್ಕ ಕೆಳಗಿಳಿದು ಕಾಯಿ ತಂದು, ಒಡೆದು, ತುರಿದೂ ಆಗಿತ್ತು. ಭಾವ ಒಂದಿಷ್ಟೂ ಬೇಜಾರಿಲ್ಲದೆ ಟಿಕ್ ಹಾಕಿದರು. ಕೆಲಸ ಯಾರೇ ಮಾಡಲಿ, ಟಿಕ್ಕಿನ ಸುಖ ಅವರದ್ದೇ.

ನನಗನ್ನಿಸುವುದು ಇಷ್ಟೇ. ನಮ್ಮ ಚಾಕರಿ ಮಾಡುವ ಆ್ಯಪ್‌ಗಳು ಕೆಲವು, ನಮ್ಮಿಂದಲೇ ಚಾಕರಿ ಮಾಡಿಸಿಕೊಳ್ಳುವವು ಹಲವು. ಎರಡನೆಯವೇ ನೋಡೋಕೆ ಜಾಸ್ತಿ ಚಂದ.

ಪೊಮೊಡೊರೊ, ಅಂದರೆ ಇಟಾಲಿಯನ್ನಿನಲ್ಲಿ ಟೊಮೆಟೊ, ಅಂತ ಒಂದು ಪದ್ಧತಿ ಇದೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಕಾಲೇಜು ಹುಡುಗನಾಗಿದ್ದಾಗ ಶುರುಮಾಡಿದ್ದು. ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಿರುಗಿಸಿಟ್ಟು 25 ನಿಮಿಷ ಓದುವುದು, ಐದು ನಿಮಿಷ ಸುಮ್ನೆ ಇರುವುದು. ಅಷ್ಟೇ ಕಥೆ. ಈಗ ಈ ಟೊಮೆಟೊ ಹೆಸರಿನಲ್ಲಿ ಎಷ್ಟು ಆ್ಯಪ್‌ಗಳು! ಒಂದರಲ್ಲಿ ಮಳೆಯ ಸದ್ದು, ಇನ್ನೊಂದರಲ್ಲಿ ವಾರದ ಗ್ರಾಫು. ಭಾವನ ಮೊದಲ 25 ನಿಮಿಷ ಗಂಟೆಯ ಸದ್ದು ಆರಿಸುವುದಕ್ಕೇ ಸರಿಹೋಯಿತು.

ಫಾರೆಸ್ಟ್ ಎಂಬ ಆ್ಯಪ್ ಮಾತ್ರ ಪರವಾಗಿಲ್ಲ. ನೀವು ಫೋನ್ ಮುಟ್ಟದೆ ಕೂತರೆ ಪರದೆಯ ಮೇಲೆ ಒಂದು ಗಿಡ ಬೆಳೆಯುತ್ತದೆ, ನಡುವೆ ವಾಟ್ಸಾಪ್‌ಗೆ ಹಾರಿದಿರೋ, ಒಣಗಿಹೋಗುತ್ತದೆ. ಹತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಇದು ಚೆನ್ನಾಗಿ ನಾಟಿದೆ. ಪರೀಕ್ಷೆಯ ಭಯಕ್ಕಿಂತ ಗಿಡದ ಮೇಲಿನ ಕನಿಕರ ಕೆಲಸಕ್ಕೆ ಬಂತು ನೋಡಿ.

ಇನ್ನೊಂದು ತಾಪತ್ರಯ, ಈ ಆ್ಯಪ್‌ಗಳ ಆಯಸ್ಸು. ವಂಡರ್‌ಲಿಸ್ಟ್ ಎಂಬ ಒಳ್ಳೆಯ ಪಟ್ಟಿಯ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರಲ್ಲಿ ಮುಚ್ಚಿತು. ಆಮೇಲೆ ಓದೋಣ ಎಂದು ಲೇಖನಗಳನ್ನು ಎತ್ತಿಡುತ್ತಿದ್ದ ಪಾಕೆಟ್ ಅನ್ನು ಮೊಜಿಲ್ಲಾ 2025ರ ಜುಲೈಯಲ್ಲಿ ನಿಲ್ಲಿಸಿತು. ಆಮೇಲೆ ಓದೋಣ ಎಂದಿದ್ದೆಲ್ಲ ಓದಿಯಾಗಿತ್ತಾ ಎಂದು ಯಾರನ್ನೂ ಕೇಳಬಾರದು.

ಬ್ರೌಸರಿನ ವಿಷಯಕ್ಕೆ ಬಂದರೆ, ಅಲ್ಲಿ ಸಣ್ಣ ಸಣ್ಣ ಉಪಾಯಗಳೇ ದೊಡ್ಡವು. ಸಂಜೆ ಆರರ ಕಲ್ಯಾಣ್ ಲೋಕಲ್‌ನ ಬೆಂಚಿನ ಹಾಗೆ, ಟ್ಯಾಬ್‌ಗಳೆಲ್ಲ 'ಸ್ವಲ್ಪ ಸರೀರಿ, ಸರೀರಿ' ಎಂದು ಒತ್ತಿ ಒತ್ತಿ ಕೂತು ಕೊನೆಗೆ ಹೆಸರೂ ಕಾಣುವುದಿಲ್ಲ. ಆಗ ಬ್ರೌಸರಿಗೆ ಸೇರಿಸಿಕೊಳ್ಳುವ ಒನ್‌ಟ್ಯಾಬ್ ಎಂಬ ಎಕ್ಸ್‌ಟೆನ್ಷನ್ನಿನ ಗುಂಡಿ ಒತ್ತಿದರೆ ಎಲ್ಲ ಒಂದೇ ಪುಟದ ಪಟ್ಟಿಯಾಗುತ್ತವೆ. ಕಂಪ್ಯೂಟರೂ ಉಸಿರು ಬಿಡುತ್ತದೆ. ಅವಸರದಲ್ಲಿ ಬೇಕಾದ ಟ್ಯಾಬನ್ನೇ ಮುಚ್ಚಿದರೆ ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿ. ವಾಪಸ್ ಬರುತ್ತದೆ. ಇದಕ್ಕೆ ದುಡ್ಡಿಲ್ಲ, ಲಾಗಿನ್ ಇಲ್ಲ, 'ನಿಮ್ಮ ಅನುಭವ ಹೇಗಿತ್ತು' ಎಂಬ ಪ್ರಶ್ನೆಯೂ ಇಲ್ಲ. ಆಫೀಸಿನಲ್ಲಿ ಇದನ್ನು ಹೇಳಿಕೊಟ್ಟಾಗ ಸಿಕ್ಕಿದಷ್ಟು ಮರ್ಯಾದೆ ನನಗೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಮುಂಬೈಯವರ ನಿಜವಾದ ಕೆಲಸದ ಆ್ಯಪ್ ಅಂದರೆ ಎಂ-ಇಂಡಿಕೇಟರ್. ನೆಟ್ ಇಲ್ಲದಿದ್ದರೂ ಲೋಕಲ್ ಟ್ರೇನಿನ ಟೈಮ್‌ಟೇಬಲ್ ತೋರಿಸುತ್ತದೆ. ಭಾನುವಾರ ಎಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು, ಅಂತ ಹೇಳುತ್ತದೆ. ಅದರ ಚಾಟ್‌ನಲ್ಲಿ ಯಾರೋ ಪುಣ್ಯಾತ್ಮರು 'ಗಾಡಿ ಠಾಣೆ ಬಿಟ್ಟಿದೆ' ಎಂದು ಬರೆಯುತ್ತಾರೆ. ನೋಡೋಕೆ ಏನೂ ಚಂದವಿಲ್ಲ, ಜಾಹೀರಾತು ಬೇರೆ. ಆದರೂ ಅದನ್ನು ತೆರೆದು, ನೋಡಿ, ಮುಚ್ಚಿ, ಓಡುತ್ತೇವೆ. ಅಲ್ಲಿ ಯಾರೂ ಕೂತು ಬಣ್ಣ ಬದಲಾಯಿಸುವುದಿಲ್ಲ.

ಅಕ್ಕನ ಹತ್ತಿರ ಇರುವುದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್, ಕನ್ನಡದ್ದು. ಮುಂಬೈಯಲ್ಲೇ 1973ರಲ್ಲಿ ಮರಾಠಿಯಲ್ಲಿ ಶುರುವಾಗಿ ಆಮೇಲೆ ಬೇರೆ ಭಾಷೆಗಳಿಗೂ ಹಬ್ಬಿದ್ದು. ಸಂಕಷ್ಟಿಯ ಚಂದ್ರೋದಯ ಎಷ್ಟು ಗಂಟೆಗೆ ಅಂತ ಅದೇ ಹೇಳುತ್ತದೆ. ಉಳಿದದ್ದನ್ನು ಅಕ್ಕ ಬರೆಯುತ್ತಾಳೆ: ಸಿಲಿಂಡರ್ ಬಂದ ದಿನಕ್ಕೆ ಒಂದು 'ಗ್ಯಾ', ಹಾಲು ಬೇಡವೆಂದ ದಿನಕ್ಕೆ ಒಂದು ಅಡ್ಡಗೆರೆ. ಪೆನ್ನು ದಾರದಲ್ಲಿ ಅಲ್ಲೇ ನೇತಾಡುತ್ತದೆ.

ಚೌತಿಗೆ ಊರಿಗೆ ಹೋಗುವ ಸಿದ್ಧತೆ ಭಾವ ಈ ಸಲ ನೋಷನ್‌ನಲ್ಲಿ ಮಾಡಿದರು. ಕುಂದಾಪುರಕ್ಕೆ ಯಾರ್‍ಯಾರು, ಯಾವ ಬ್ಯಾಗು, ಯಾರಿಗೆ ಯಾವ ಸೀರೆ, ಎಲ್ಲಕ್ಕೂ ಒಂದೊಂದು ಕಾಲಂ. ರೈಲಿನ ಬುಕಿಂಗ್ 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಚೌತಿಯ ಹೊತ್ತಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟಿಕೆಟ್ ಎಂಟೂ ಐದಕ್ಕೆ ಸಿಕ್ಕಿದರೆ ಪುಣ್ಯ. ಅಕ್ಕ ದಿನ ಎಣಿಸಿ ಕಾಲನಿರ್ಣಯದಲ್ಲಿ ಒಂದು ಸೊನ್ನೆ ಸುತ್ತಿಟ್ಟಿದ್ದಳು. ಆ ದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಹಾಲಿನ ಒಲೆ ಆರಿಸಿ ಫೋನ್ ಹಿಡಿದು ಕೂತಳು. ನಾಲ್ಕೂ ಟಿಕೆಟ್ ಕನ್‌ಫರ್ಮ್. ಭಾವನಿಗೆ ಕೂಡಲೇ ಹೇಳಿದಳು. ಅವರು ಖುಷಿಯಿಂದ ನೋಷನ್ ತೆರೆದು 'ಬರ್ತ್ ನಂಬರ್' ಎಂದು ಹೊಸ ಕಾಲಂ ಸೇರಿಸಿ, "ಸೈಡ್ ಅಪ್ಪರ್ ಯಾರಿಗೆ ಹಾಕಲಿ?" ಎಂದು ಕೇಳಿದರು.

"ನಿಮಗೇ," ಅಂದಳು ಅಕ್ಕ.